ಬಿಟ್ಟುಕೊಂಡ ಬಾಸ್ ಅಂಚಿಗೆ ಫೆವಿಕಾಲ್ ಬೇಡ

ಹಳೆಯ ಡಬಲ್ ಬಾಸ್‌ನ (ನಿಂತು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ಮೇಲ್ಹಲಗೆ ಪಕ್ಕದ ಪಟ್ಟಿಯಿಂದ ಗೇಣುದ್ದ ಬಿಟ್ಟುಕೊಂಡಿದೆ, ಫೆವಿಕಾಲ್ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಒಣಹವೆಗೆ ಮರ ಕುಗ್ಗಿದಾಗ ಮೊದಲು ಬಿಡಬೇಕಾದ್ದು ಈ ಅಂಚಿನ ಅಂಟೇ; ಅದಕ್ಕೇ ಇಲ್ಲಿ ಪ್ರಾಣಿಯ ಚರ್ಮದಿಂದ ಮಾಡಿದ ಹೈಡ್ ಗ್ಲೂ ಬಳಸುವುದು. ಫೆವಿಕಾಲ್‌ನಂತೆ ಗಟ್ಟಿ ಹಿಡಿದು ಬಿಡದಿದ್ದರೆ ಹಲಗೆಯೇ ಸೀಳೀತು. ಫೆವಿಕಾಲ್ ಕುಡಿದ ಮರಕ್ಕೆ ಆಮೇಲೆ ಹೈಡ್ ಗ್ಲೂ ಸರಿಯಾಗಿ ಹಿಡಿಯುವುದೂ ಇಲ್ಲ.

ತಂತಿ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಒಳಗೆ ಮೇಲ್ಹಲಗೆಗೂ ಹಿಂಹಲಗೆಗೂ ನಡುವೆ ಅಂಟಿಲ್ಲದೆ ನಿಂತಿರುವ ಕೋಲು, ಸೌಂಡ್‌ಪೋಸ್ಟ್, ಬಿದ್ದೀತು. ಹಳೇ ಅಂಟನ್ನು ಬಿಸಿನೀರು, ಬ್ರಷ್‌ನಿಂದ ತೆಗೆದು ಒಣಗಿಸಿ. ಹೈಡ್ ಗ್ಲೂ ಹರಳಿಗೆ ಎರಡರಷ್ಟು ತೂಕದ ತಣ್ಣೀರು ಹಾಕಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಬಲ ಹೋಯಿತು.

ಕ್ಲ್ಯಾಂಪ್‌ಗಳನ್ನು ಮೊದಲೇ ಒಮ್ಮೆ ಅಂಟಿಲ್ಲದೆ ಬಿಗಿದು ನೋಡಿ. ಉದ್ದನೆಯ ಥ್ರೆಡ್ ರಾಡು, ಬೂಚು ಅಂಟಿಸಿದ ಮರದ ಬಿಲ್ಲೆ, ವಿಂಗ್ ನಟ್ ಇದ್ದರೆ ಮನೆಯಲ್ಲೇ ಆಗುತ್ತದೆ. ಹೇರ್ ಡ್ರೈಯರ್‌ನಿಂದ ಮರ ಬೆಚ್ಚಗಾಗಿಸಿ, ತೆಳು ಚಾಕುವಿನಿಂದ ಅಂಟು ತೂರಿಸಿ, ನಿಮಿಷದೊಳಗೆ ಬಿಗಿಯಿರಿ. ಇಡೀ ದಿನ ಮುಟ್ಟಬೇಡಿ.