ಮಣಿಪಾಲಕ್ಕೆ ಹೋಗಿಬರುವ ಖರ್ಚು: ಸ್ಲೀಪರ್ ದರ ಗುಣಿಲೆ ಎಂಟು ಸಾಕೇ?

ಪ್ರಶ್ನೆ: ಮಗಳಿಗೆ ಮಣಿಪಾಲದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ವರ್ಷಕ್ಕೆ ನಾಲ್ಕು ಸಲ ಮನೆಗೆ ಬಂದುಹೋಗುತ್ತಾಳೆಂದು ಸ್ಲೀಪರ್ ದರವನ್ನು ಎಂಟರಿಂದ ಗುಣಿಸಿ ಹಣ ತೆಗೆದಿಟ್ಟಿದ್ದೇವೆ. ಸಾಕಾಗುತ್ತದೆಯೇ?
– ಓದುಗರು, ಡೊಂಬಿವಲಿ

ಉತ್ತರ: ಸಾಲದು. ರೈಲಿನ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಪರೀಕ್ಷೆಯ ಕೊನೆಯ ದಿನ ಗೊತ್ತಾಗುವ ಹೊತ್ತಿಗೆ ಸ್ಲೀಪರ್ ತುಂಬಿರುತ್ತದೆ. ಹಾಗಾಗಿ ಆರು ಪ್ರಯಾಣಕ್ಕೆ ಸ್ಲೀಪರ್, ಎರಡಕ್ಕೆ ಥರ್ಡ್ ಎಸಿ ತತ್ಕಾಲ್ ದರ ಹಿಡಿಯಿರಿ. ತತ್ಕಾಲ್ ಶುಲ್ಕವೇ 300ರಿಂದ 400 ರೂಪಾಯಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಬಿಡಿಗಾಸೂ ಮರಳದು. ಎಸಿ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಆನ್‌ಲೈನ್‌ನಲ್ಲಿ ತತ್ಕಾಲ್ ಕೊಳ್ಳಲು ಖಾತೆಗೆ ಆಧಾರ್ ಜೋಡಣೆ ಕಡ್ಡಾಯ, ಅದನ್ನು ಈಗಲೇ ಮುಗಿಸಿ.

ಇದಕ್ಕಿಂತ ಅಗ್ಗದ ದಾರಿಯೊಂದಿದೆ: ಅಂದಾಜಿನ ಎರಡು ದಿನಾಂಕಗಳಿಗೆ ಸ್ಲೀಪರ್ ಬುಕ್ ಮಾಡಿ, ಬೇಡವಾದದ್ದನ್ನು ಹಲವು ದಿನ ಮೊದಲೇ ರದ್ದು ಮಾಡಿ. ಕನ್ಫರ್ಮ್ ಸ್ಲೀಪರಿಗೆ ಕಡಿತ 120 ರೂಪಾಯಿ, ಜೊತೆಗೆ ಆನ್‌ಲೈನ್ ಶುಲ್ಕ ಹೋಗುತ್ತದೆ, ಅಷ್ಟೆ.

ಚೌತಿಯ ನೂಕುನುಗ್ಗಲಿಗೆ ಹೆದರಿ ಬಸ್ಸಿಗೆ ದುಡ್ಡು ಸುರಿಯಬೇಡಿ. ಹಬ್ಬದ ಮುಂಚೆ ಮುಂಬೈಯೇ ಊರಿಗೆ ಇಳಿಯುತ್ತದೆ. ನಿಮ್ಮ ಮಗಳು ಬರುವುದು ಎದುರು ದಿಕ್ಕಿನಿಂದ. ಮೇ ತಿಂಗಳಲ್ಲೂ ಬಹುಮಟ್ಟಿಗೆ ಹೀಗೆಯೇ.

ಸ್ಲೀಪರಿನಲ್ಲಿ ವಿದ್ಯಾರ್ಥಿ ರಿಯಾಯಿತಿ ಇನ್ನೂ ಇದೆ: ರಜೆಗೆ ಮನೆಗೆ ಹೋಗಿಬರಲು ಮೂಲ ದರದಲ್ಲಿ ಶೇ 50, ಪರಿಶಿಷ್ಟರಿಗೆ ಶೇ 75. ಬರೀ ಬೊನಾಫೈಡ್ (ಇಲ್ಲೇ ಓದುತ್ತಿದ್ದಾಳೆಂಬ ಕಾಲೇಜಿನ ಪತ್ರ) ನಡೆಯದು. ರೈಲ್ವೆಯ ನಮೂನೆಯಲ್ಲೇ ಕಾಲೇಜು ಬರೆದುಕೊಡಬೇಕು. ಅದೂ ಕೌಂಟರಿನಲ್ಲಿ ಮಾತ್ರ, ತತ್ಕಾಲ್‌ಗೆ ಇಲ್ಲ. ದಿನಾಂಕ ಗಟ್ಟಿಯಿರುವ ಪ್ರಯಾಣಕ್ಕೆ ಇದನ್ನು ಬಳಸಿ.

ಮುಂಬೈಯ ಕುರ್ಲಾದಿಂದ ಉಡುಪಿ ಕಡೆಗೆ ಹೋಗುವ ಮತ್ಸ್ಯಗಂಧ ರೈಲು ಥಾಣೆಯಲ್ಲೂ ನಿಲ್ಲುತ್ತದೆ. ನಿಮಗೆ ಕುರ್ಲಾವರೆಗೆ ಹೋಗುವ ಕೆಲಸವಿಲ್ಲ. ಥಾಣೆಯಿಂದ ವೇಟಿಂಗ್ ತೋರಿಸಿದರೆ ಕುರ್ಲಾ ಟರ್ಮಿನಸ್‌ನಿಂದ ನೋಡಿ. ಅಲ್ಲಿಂದ ಸಿಕ್ಕಿದರೆ ಬೋರ್ಡಿಂಗ್ ಮಾತ್ರ ಥಾಣೆಗೆ ಬದಲಿಸಿಕೊಳ್ಳಿ. ಹಾಗೆ ಬದಲಿಸದೆ ಥಾಣೆಯಲ್ಲಿ ಹತ್ತಿದರೆ ಬರ್ತ್ ಆಗಲೇ ಆರ್‌ಎಸಿಯವರ (ಸೀಟು ಮಾತ್ರ ಸಿಕ್ಕಿ ಬರ್ತಿಗೆ ಕಾಯುತ್ತಿರುವವರ) ಪಾಲಾಗಿರಬಹುದು.

ಹೆಚ್ಚಿನವರು ಮರೆಯುವ ಬಾಬ್ತು ಮೊದಲ ಪ್ರಯಾಣ. ಜೊತೆಗೆ ಹೋಗುವವರ ಹೋಗಿಬರುವ ಟಿಕೆಟ್, ಎರಡು ರಾತ್ರಿಯ ಲಾಡ್ಜ್, ಉಡುಪಿ ಸ್ಟೇಷನ್ನಿನಿಂದ ರಿಕ್ಷಾ ಎಲ್ಲವನ್ನೂ ಬೇರೆಯಾಗಿ ಬರೆದಿಡಿ. ಹಾಸಿಗೆ, ಬಕೆಟ್ಟನ್ನು ಡೊಂಬಿವಲಿಯಿಂದ ಹೊರಬೇಡಿ, ಅಲ್ಲೇ ಕೊಳ್ಳಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಹೊರಡುವ ಮುನ್ನ ನೋಡಿಕೊಳ್ಳಿ. ಗುಡ್ಡ ಕುಸಿದು ರೈಲ್ವೆಯೇ ರೈಲು ರದ್ದು ಮಾಡಿದರೆ ಟಿಕೆಟ್ಟಿನ ಪೂರ್ತಿ ದರ ವಾಪಸ್ ಬರುತ್ತದೆ. ಆದರೆ ಆ ದಿನ ಬಸ್ಸು ಹತ್ತಲು ಕೈಯಲ್ಲಿ ನಗದು ಬೇಕಲ್ಲ, ಒಂದು ಬಸ್ ಟಿಕೆಟಿನಷ್ಟು ಹಣ ಮಗಳ ಖಾತೆಯಲ್ಲೇ ಇರಲಿ.