ಅನ್ನ ಬಿಟ್ಟು ಏಳು ಕೆ.ಜಿ. ಇಳಿದೆ, ಈಗ ಮನಸ್ಸೇ ಬರ್ತಿಲ್ಲ

ಪ್ರಶ್ನೆ: ನನಗೆ 43 ವರ್ಷ, ದಾವಣಗೆರೆಯಲ್ಲಿದ್ದೇವೆ. 81 ಕೆ.ಜಿ. ಇದ್ದೆ. ಅನ್ನ, ಚಪಾತಿ, ಸಕ್ಕರೆ ಎಲ್ಲ ಬಿಟ್ಟು ಲೋ ಕಾರ್ಬ್ ಡಯಟ್ ಶುರು ಮಾಡಿದೆ. ಮೊದಲ ವಾರವೇ ಎರಡೂವರೆ ಕೆ.ಜಿ. ಇಳಿಯಿತು. ನಾಲ್ಕು ತಿಂಗಳಲ್ಲಿ 74ಕ್ಕೆ ಬಂದೆ. ಆಮೇಲೆ ಒಂದೂವರೆ ತಿಂಗಳು ತೂಕ ಅಲ್ಲಾಡಲೇ ಇಲ್ಲ. ಕಳೆದ ವಾರ ಅಕ್ಕನ ಮನೆ ಗೃಹಪ್ರವೇಶದಲ್ಲಿ ಎರಡು ಹೋಳಿಗೆ, ಚಿತ್ರಾನ್ನ ತಿಂದೆ. ಮರುದಿನ ಒಂದೂವರೆ ಕೆ.ಜಿ. ಜಾಸ್ತಿ! ಬೇಸರವಾಗಿ ಎಲ್ಲ ಬಿಟ್ಟುಬಿಟ್ಟೆ. ಮನೆಯವರಿಗೆಲ್ಲ ಅನ್ನ-ಸಾರು ಮಾಡಿ ನಾನೊಬ್ಬಳೇ ಮೊಟ್ಟೆ ತಿಂದು ಸಾಕಾಗಿದೆ. ಶುಗರ್ ಇರುವ ನಮ್ಮ ಯಜಮಾನರು ಈಗ ತಾವೂ ಶುರು ಮಾಡ್ತೀನಿ ಅಂತಿದ್ದಾರೆ. ಮತ್ತೆ ಹುಮ್ಮಸ್ಸು ತಂದುಕೊಳ್ಳೋದು ಹೇಗೆ?

ಉತ್ತರ: ಮೊದಲು ಆ ಹೋಳಿಗೆ ಲೆಕ್ಕ ಮುಗಿಸೋಣ. ಒಂದೂವರೆ ಕೆ.ಜಿ. ಕೊಬ್ಬು ಸೇರಬೇಕಾದರೆ ಸುಮಾರು 11 ಸಾವಿರ ಕ್ಯಾಲರಿ ಹೆಚ್ಚಿಗೆ ತಿನ್ನಬೇಕು. ಅಂದರೆ 40 ಹೋಳಿಗೆಯಾದರೂ ಬೇಕು. ನೀವು ತಿಂದಿದ್ದು ಎರಡು!

ಏರಿದ್ದು ಹೆಚ್ಚಾಗಿ ನೀರು. ನಾವು ತಿಂದ ಪಿಷ್ಟದಲ್ಲಿ (ನೀವು ಹೇಳಿದ ಕಾರ್ಬ್ ಇದೇ) ಸ್ವಲ್ಪ ಭಾಗವನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ ಬಿಟ್ಟಾಗ ಆ ದಾಸ್ತಾನು ಖಾಲಿಯಾಗಿ ನೀರೂ ಹೋಗುತ್ತದೆ, ತಿಂದ ಕೂಡಲೇ ಎರಡೂ ವಾಪಸ್. ಮೊದಲ ವಾರ ಇಳಿದ ಎರಡೂವರೆ ಕೆ.ಜಿ.ಯಲ್ಲೂ ಬಹುಪಾಲು ಇದೇ. ಅವತ್ತು ನಿಮಗೆ ಅಷ್ಟು ಖುಷಿ ಕೊಟ್ಟಿದ್ದೂ ನೀರೇ, ಮೊನ್ನೆ ಅಳಿಸಿದ್ದೂ ನೀರೇ.

ಇನ್ನು ತೂಕ ನಿಂತ ವಿಷಯ. 81 ಕೆ.ಜಿ. ಹೊತ್ತು ಓಡಾಡುತ್ತಿದ್ದ ದೇಹಕ್ಕಿಂತ 74ರ ದೇಹಕ್ಕೆ ಕಡಿಮೆ ಊಟ ಸಾಕು. ಜೊತೆಗೆ, ಅನ್ನವಿಲ್ಲದ ಬೇಜಾರಿಗೆ ಒಂದು ಹಿಡಿ ಶೇಂಗಾ, ಪಲ್ಯಕ್ಕೆ ಇನ್ನೊಂದು ಚಮಚ ತುಪ್ಪ ಅಂತ ಕೈ ಸಡಿಲವಾಗಿರುತ್ತದೆ. ಒಂದು ಹಿಡಿ ಶೇಂಗಾ ಅಂದರೆ 170 ಕ್ಯಾಲರಿ ಹತ್ತಿರ. ಬೇಡ ಅಂತಲ್ಲ, ಲೆಕ್ಕದಲ್ಲಿರಲಿ.

ಹುಮ್ಮಸ್ಸು ಹೋಗಿದೆ ಅಂದಿರಿ. ನನಗೆ ಹಾಗನ್ನಿಸೋದಿಲ್ಲ. ವಯಸ್ಸಿನ ಅರ್ಧಕ್ಕೂ ಜಾಸ್ತಿ ದಿನ ಅನ್ನ ಉಂಡ ಮನೆಯಲ್ಲಿ, ಅನ್ನ ಬೇಯಿಸುತ್ತಲೇ ಅನ್ನ ಮುಟ್ಟದೆ ಐದೂವರೆ ತಿಂಗಳು ಇದ್ದಿರಲ್ಲ! ಹಟ ನಿಮ್ಮಲ್ಲಿ ಬೇಕಾದಷ್ಟಿದೆ. ನಿಯಮವೇ ತೀರಾ ಬಿಗಿಯಾಯಿತು ಅಷ್ಟೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪಿಷ್ಟ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ. ಇಳಿದಿದ್ದು ಸರಾಸರಿ 6 ಕೆ.ಜಿ. ಮತ್ತು 5.3 ಕೆ.ಜಿ., ಅಂಥ ವ್ಯತ್ಯಾಸವೇನಿಲ್ಲ. ನನಗೆ ಅದರಲ್ಲಿ ಇಷ್ಟವಾಗಿದ್ದು ಬೇರೆ. ಪಿಷ್ಟವನ್ನು ಮೊದಲು ದಿನಕ್ಕೆ 20 ಗ್ರಾಂಗೆ ಇಳಿಸಿ, ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಸೇರಿಸುತ್ತಾ, 'ಇಷ್ಟಾದರೆ ಜೀವನಪೂರ್ತಿ ಇರಬಲ್ಲೆ' ಅನ್ನಿಸಿದ ಕಡೆ ನಿಲ್ಲಿ ಎಂದು ಅವರವರಿಗೇ ಬಿಟ್ಟಿದ್ದರು. ವರ್ಷದ ಕೊನೆಗೆ ಅವರು ತಿನ್ನುತ್ತಿದ್ದುದು ದಿನಕ್ಕೆ ಸರಾಸರಿ 130 ಗ್ರಾಂ ಆಸುಪಾಸು.

ನಿಮ್ಮ ತಟ್ಟೆಯಲ್ಲಿ ನೋಡಿದರೆ ಅದು ಹೀಗೆ: ಮಧ್ಯಾಹ್ನ ಒಂದು ಕಪ್ ಅನ್ನ, ಅದರಲ್ಲಿ 40-45 ಗ್ರಾಂ. ರಾತ್ರಿ ಎರಡು ಸಣ್ಣ ಚಪಾತಿ, 40 ಗ್ರಾಂ. ಉಳಿದಿದ್ದು ಬೇಳೆ, ಹಾಲು, ತರಕಾರಿಗೆ. ರಾಗಿ ಮುದ್ದೆ ಉಂಡರೆ ಲೆಕ್ಕಕ್ಕಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಒಳ್ಳೆ ನಾರು, ಸುಣ್ಣದಂಶ ಇದೆ ನಿಜ, ಆದರೆ ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಇನ್ನು ನಿಮ್ಮೂರಿನ ಮಂಡಕ್ಕಿ. ಕೈಗೆ ಹಗುರ, ಆದರೆ ಅದು ಉಬ್ಬಿದ ಅಕ್ಕಿ!

ಬೇರೆ ಅಡುಗೆ ಮಾಡಿಕೊಳ್ಳಬೇಡಿ. ಎಲ್ಲರಿಗೂ ಮಾಡಿದ ಸಾರು, ಪಲ್ಯವೇ ನಿಮಗೂ ಇರಲಿ. ತಟ್ಟೆಗೆ ಮೊದಲು ಎರಡು ಸೌಟು ಪಲ್ಯ, ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಮೊಟ್ಟೆ ಬರಲಿ, ಕೊನೆಗೆ ಅನ್ನ. ಇದರಿಂದ ಮೊದಲಿನ ವೇಗ ಬರೋದಿಲ್ಲ. ತಿಂಗಳಿಗೆ ಅರ್ಧ ಕೆ.ಜಿ. ಇಳಿದರೂ ನಾನು ಖುಷಿಪಡುತ್ತೇನೆ. ಹಬ್ಬ, ಮದುವೆ ಬಂದರೆ ಹೋಳಿಗೆ ತಿನ್ನಿ, ಮರುದಿನ ತೂಕ ಮಾತ್ರ ನೋಡಬೇಡಿ. ವಾರಕ್ಕೊಮ್ಮೆ ಸಾಕು. ತಿಂಗಳಿಗೊಮ್ಮೆ ಸೊಂಟಕ್ಕೆ ಟೇಪು ಹಿಡಿಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಅಂದಹಾಗೆ, ಗೃಹಪ್ರವೇಶಕ್ಕೆ ಹಾಕಿದ ರವಿಕೆ ಹಳೆಯದೇ? ಅದಕ್ಕೆ ಎಷ್ಟು ಹಿಡಿಸಬೇಕಾಯಿತು ಹೇಳಿ.

ಯಜಮಾನರ ವಿಷಯ ಮಾತ್ರ ಸುಮ್ನೆ ಬಿಡುವಂಥದ್ದಲ್ಲ. ಅವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದು ಅನ್ನ ಬಿಟ್ಟರೆ ಶುಗರ್ ಇದ್ದಕ್ಕಿದ್ದಂತೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಬರುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ, ಶುಗರ್ ತೀರಾ ಏರದಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಹೆಚ್ಚಾಗುವ ಅಪಾಯವಿದೆ. ಮಾತ್ರೆ ಚೀಟಿ ಹಿಡಿದು ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬನ್ನಿ. ಅಲ್ಲಿಯವರೆಗೆ ಅವರ ಊಟ ಈಗಿದ್ದಂತೆಯೇ ನಡೆಯಲಿ.