ಲೆಸ್ಟರ್‌ನ ಭಾರತೀಯ ಗ್ರಾಹಕರನ್ನು ಅರಿಯಲು ಇಂಗ್ಲಿಷಿನ ಆನ್‌ಲೈನ್ ಸಮೀಕ್ಷೆ ಸಾಕೇ?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಭಾರತೀಯ ಮೂಲದವರಿಗೆ ಸಿದ್ಧ ಆಹಾರ ಮಾರಲು ಹೊರಟಿರುವ ನೀವು, ಇಂಗ್ಲಿಷಿನ ಆನ್‌ಲೈನ್ ಸಮೀಕ್ಷೆಯೊಂದನ್ನು ನಡೆಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದು ಅಲ್ಲಿ ಇಂತಹ ಸಮೀಕ್ಷೆಗಳಿಗೆ ದುಡಿದಿರುವ ನನ್ನ ಅಭಿಪ್ರಾಯ. ಅದಕ್ಕೆ ಉತ್ತರಿಸುವವರು ಹೆಚ್ಚಾಗಿ ಅಲ್ಲಿಯೇ ಓದಿ ಬೆಳೆದ ಕಿರಿಯರು. ಮನೆಗೆ ಯಾವ ಹಿಟ್ಟು, ಯಾವ ಎಣ್ಣೆ ಬರಬೇಕೆಂದು ತೀರ್ಮಾನಿಸುವ ಅತ್ತೆ ನಿಮ್ಮ ಲೆಕ್ಕಕ್ಕೇ ಸಿಗುವುದಿಲ್ಲ.

2021ರ ಜನಗಣತಿಯಲ್ಲಿ ಆ ನಗರದ ಶೇ 34.3ರಷ್ಟು ಮಂದಿ ತಮ್ಮನ್ನು ಭಾರತೀಯರೆಂದು ಗುರುತಿಸಿಕೊಂಡರು. ಆದರೆ 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದಿಂದ ಹೊರಹಾಕಿದ ಗುಜರಾತಿ ಕುಟುಂಬಗಳು, ಪಂಜಾಬಿನ ಸಿಖ್ಖರು, ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಈಚೆಗೆ ಬಂದ ದಮನ್ ಮತ್ತು ದಿಯುವಿನವರು ಎಲ್ಲರೂ ಆ ಒಂದೇ ಎಣಿಕೆಯಲ್ಲಿ ಸೇರಿರಬಹುದು. ಪೂರ್ವ ಆಫ್ರಿಕಾದಿಂದ ಬಂದವರ ಮನೆಯಲ್ಲಿ ಕರಿದ ಮರಗೆಣಸು ನಿತ್ಯದ ತಿಂಡಿ. ‘ಭಾರತೀಯ ತಿಂಡಿ’ಗಳ ಸಿದ್ಧ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ.

ಹೆಸರು ನೋಡಿ ಜನರನ್ನು ಆರಿಸುವ ಪದ್ಧತಿಯೂ ಪೂರ್ತಿ ನಂಬತಕ್ಕದ್ದಲ್ಲ. ಪಟೇಲ್ ಎಂಬ ಅಡ್ಡಹೆಸರು ಸಸ್ಯಾಹಾರಿ ಹಿಂದೂಗಳಿಗಿರುವಂತೆ ಭರೂಚ್ ಕಡೆಯ ಮುಸ್ಲಿಮರಿಗೂ ಇರುವುದರಿಂದ, ಮಾಂಸದ ಪದಾರ್ಥದ ಬಗ್ಗೆ ಕೇಳಹೊರಟವರಿಗೆ ಅಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. (ಕನ್ನಡಿಗರನ್ನು ಹುಡುಕುವುದಂತೂ ಇನ್ನೂ ಕಷ್ಟ: ರಾವ್ ಎಂದರೆ ತೆಲುಗಿನವರೂ ಇರಬಹುದು, ಎಷ್ಟೋ ಮಂದಿಗೆ ತಂದೆಯ ಹೆಸರೇ ಕೊನೆಯ ಹೆಸರು.) ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆಯ ಭಾರತೀಯ ಅಂಗಡಿಗಳ ಮುಂದೆ ನಿಂತು ಕೇಳುವುದು ಸುಲಭ, ಆದರೆ ದೀಪಾವಳಿಯ ಹೊತ್ತಿನಲ್ಲಿ ಪರವೂರಿನವರೂ ಅಲ್ಲಿ ನೆರೆಯುತ್ತಾರೆ, ಸೂಪರ್‌ಮಾರ್ಕೆಟ್‌ನಲ್ಲಷ್ಟೇ ಕೊಳ್ಳುವವರು ಅತ್ತ ಬರುವುದೇ ಇಲ್ಲ.

ಆದ್ದರಿಂದ ಪ್ರಶ್ನಾವಳಿ ಬರೆಯುವ ಮೊದಲು, ಬೇರೆ ಬೇರೆ ಹಿನ್ನೆಲೆಯ ಕೆಲವು ಮನೆಗಳಿಗೆ ಅನುಮತಿ ಪಡೆದು ಹೋಗಿ, ಅಡುಗೆಮನೆಯಲ್ಲಿಯೇ ಮಾತನಾಡಿಸಿ. ಗುಜರಾತಿಗೆ ಅನುವಾದಿಸಿ ಮುದ್ರಿಸಿದರೆ ಸಾಲದು, ಏಕೆಂದರೆ ಆ ಭಾಷೆಯನ್ನು ನಿರರ್ಗಳವಾಗಿ ಆಡುವ ಅನೇಕರಿಗೆ ಲಿಪಿ ಓದಲು ಬಾರದು. ಗಟ್ಟಿಯಾಗಿ ಓದಿ ಕೇಳುವ ಸಂದರ್ಶಕರು ಬೇಕು. ಅವರು ಅದೇ ಸಮುದಾಯದವರಾದರೆ ಬಾಗಿಲು ಬೇಗ ತೆರೆಯುತ್ತದೆ, ನಿಜ. ಆದರೆ ಅದೇ ಬೀದಿಯವರಾದರೆ, ಮನೆಯಲ್ಲಿ ಮಾಂಸ ಬೇಯಿಸುವುದನ್ನೋ ಮದ್ಯ ಕುಡಿಯುವುದನ್ನೋ ಯಾರೂ ಒಪ್ಪಿಕೊಳ್ಳುವುದಿಲ್ಲ, ಮಾತು ದೇವಸ್ಥಾನದವರೆಗೆ ಹೋದೀತೆಂಬ ಅಳುಕು ಅವರದು. ಭಾಷೆ ಬಲ್ಲ, ಆದರೆ ನಗರದ ಬೇರೆ ಭಾಗದಲ್ಲಿ ವಾಸಿಸುವ ಮಹಿಳೆಯರನ್ನು ನೇಮಿಸುವುದು ನನಗೆ ಸರಿಯೆನಿಸಿದ ಉಪಾಯ.

ಬ್ರಿಟನ್ನಿನ ಕಾನೂನಿನಲ್ಲಿ ಜನಾಂಗ ಮತ್ತು ಧರ್ಮದ ಮಾಹಿತಿಗೆ ವಿಶೇಷ ರಕ್ಷಣೆಯಿದೆ. ಅವನ್ನು ಏಕೆ ಕೇಳುತ್ತಿದ್ದೀರೆಂದು ಮೊದಲೇ ತಿಳಿಸಿ, ಸ್ಪಷ್ಟ ಒಪ್ಪಿಗೆ ಪಡೆಯಿರಿ; ಸಮೀಕ್ಷೆಯಲ್ಲಿ ದೊರೆತ ದೂರವಾಣಿ ಸಂಖ್ಯೆಗಳನ್ನು ನಿಮ್ಮ ಮಾರಾಟ ವಿಭಾಗಕ್ಕೆ ಕೊಡಬೇಡಿ.